ನಾಲ್ಕನೇ ಮಾತು

ದಿಲ್‌ಸುಖ್‌ನಗರದಲ್ಲಿ ಶುಭಶುಕ್ರವಾರದ ಆರಾಧನೆ ನಡೆಸುವುದಕ್ಕೆ ಆಗುವ ಖರ್ಚು ಹೀಗಿದೆ. ಮೂರು ತಾಸಿಗೆ ಹಾಲ್ ಬಾಡಿಗೆ ಎರಡೂವರೆ ಸಾವಿರ. ಮೈಕಿಗೆ ಆರುನೂರು. ಉಪವಾಸ ಬಿಡುವವರಿಗೆ ಗಂಜಿ, ಬೆಲ್ಲ, ನಿಂಬೆಹಣ್ಣು, ಕಾಗದದ ಲೋಟ ಎಲ್ಲ ಸೇರಿ ಒಂಬೈನೂರು. ಏಪ್ರಿಲಿನಲ್ಲಿ ಹೈದರಾಬಾದಿನ ನಿಂಬೆಹಣ್ಣಿನ ಬೆಲೆ ಗೊತ್ತಿರುವವರು ಇದನ್ನು ಕಡಿಮೆ ಎಂದೇ ಹೇಳುತ್ತಾರೆ. ನಾಲ್ಕು ಸಾವಿರ ಎಂದಿಟ್ಟುಕೊಳ್ಳಿ. ಬರುವವರು ಇಪ್ಪತ್ತೈದು ಜನ.

"ಮಮ್ಮಿ, ಇಪ್ಪತ್ತೈದು ಮಂದಿಗೆ ಮೈಕ್ ಯಾಕ? ಪಪ್ಪಾ ಕೆಮ್ಮಿದ್ರೂ ಹಿಂದಿನ ಸಾಲಿಗೆ ಕೇಳತೈತಿ," ಎಂದಳು ಮಗಳು ಕಾವ್ಯಾ. ನಾರಾಯಣಗೂಡದ ಕಾಲೇಜಿನಲ್ಲಿ ಓದುತ್ತಾಳೆ, ಸಭೆಯಲ್ಲಿ ಕೀಬೋರ್ಡ್ ಬಾರಿಸುತ್ತಾಳೆ.

"ಮೈಕ್ ಇಲ್ಲಂದ್ರ ಗುರುಬಾಯಿ ಅವ್ವ ಬಿಡ್ತಾಳೇನು? ಇದೇನ್ ಆರಾಧನಿನೋ ಪಂಚಾಯ್ತಿನೋ ಅಂತಾಳ," ಎಂದೆ.

ನನ್ನ ಹೆಸರು ಕೃಪಾ. ನಮ್ಮನೆಯವರು ಶಾಂತಕುಮಾರ, ರಾಯಚೂರು, ಬೀದರ ಕಡೆಯಿಂದ ಬಂದ ಕ್ರೈಸ್ತರ ಒಂದು ಸಣ್ಣ ಕನ್ನಡ ಸಭೆಗೆ ಪಾಸ್ಟರು. ಸಭೆ ಕೂಡುವುದು ಒಂದು ಕೋಚಿಂಗ್ ಸೆಂಟರಿನ ಮೇಲ್ಮಹಡಿಯಲ್ಲಿ. ಬರೆಯುವುದಕ್ಕೆ ಹಲಗೆ ಇರುವ ಕುರ್ಚಿಗಳು. ಹಲಗೆಯ ಮೇಲೆ ನಮ್ಮವರು ಹಾಡಿನ ಪುಸ್ತಕ ಇಟ್ಟುಕೊಳ್ಳುತ್ತಾರೆ. ಗೋಡೆಯ ಬೋರ್ಡಿನ ಮೇಲಿನ ಲೆಕ್ಕ ಅಳಿಸಬಾರದೆಂದು ಹಾಲಿನವರ ಕರಾರು. ಹಾಗಾಗಿ ನಮ್ಮನೆಯವರು ವರ್ಷಗಟ್ಟಲೆ ತ್ರಿಕೋನ, ಚೌಕಗಳನ್ನು ಬೆನ್ನಿಗೆ ಹಾಕಿಕೊಂಡೇ ಬೋಧನೆ ಮಾಡಿದ್ದಾರೆ.

ಮೊದಲು ಆ ಕುರ್ಚಿಗಳು ಸಾಲುತ್ತಿರಲಿಲ್ಲ. ಗೌಂಡಿ ಕೆಲಸದವರು, ವಾಚ್‌ಮನ್‌ಗಳು, ಮನೆಗೆಲಸದ ಹೆಂಗಸರು, ಒಂದಿಬ್ಬರು ಗುಮಾಸ್ತರು ಎಲ್ಲ ಬರುತ್ತಿದ್ದರು. ಲಾಕ್‌ಡೌನಿನಲ್ಲಿ ಅರ್ಧ ಜನ ಊರಿಗೆ ಹೋದರು, ತಿರುಗಿ ಬರಲಿಲ್ಲ. ಉಳಿದವರ ಮಕ್ಕಳಿಗೆ ಕನ್ನಡಕ್ಕಿಂತ ತೆಲುಗೇ ಸಲೀಸು. ಎರಡು ರಸ್ತೆ ಆಚೆ ದೊಡ್ಡ ತೆಲುಗು ಸಭೆ ಇದೆ. ಅಲ್ಲಿ ಎಸಿ, ಪರದೆ, ಡ್ರಮ್ಸು. ನಮ್ಮ ಹಿರಿಯರಾಗಿದ್ದ ವಿಶ್ವಜಿತ್ ಮಣಿಕೊಂಡದಲ್ಲಿ ಫ್ಲ್ಯಾಟ್ ತೆಗೆದುಕೊಂಡು ಇಂಗ್ಲಿಷ್ ಸಭೆಗೆ ಸೇರಿದರು. ಹೋಗುವಾಗ ಕಣ್ಣೀರು ಹಾಕಿದರು. ಒಳ್ಳೆಯ ಮನುಷ್ಯ. ಮಣಿಕೊಂಡದ ಒಂದು ಶಾಲೆಯ ಹಾಸ್ಟೆಲಿನಲ್ಲಿ ವಾರ್ಡನ್ ಬೇಕಾಗಿದೆ, ಸಂಬಳ ಮೂವತ್ತೆರಡು ಸಾವಿರ, ಇರಲು ಎರಡು ಕೋಣೆಯ ಮನೆ ಎಂದು ತಿಳಿಸಿದವರೂ ಅವರೇ. ಭಾನುವಾರವೂ ಮಕ್ಕಳನ್ನು ನೋಡಿಕೊಳ್ಳಬೇಕು. ಎಂದರೆ ಸೇವೆ ಬಿಡಬೇಕು. ಈಸ್ಟರಿನ ಹಿಂದಿನ ದಿನ, ಶನಿವಾರ, ಅವರಿಗೆ ಹೂಂ ಅಥವಾ ಇಲ್ಲ ಎಂದು ಹೇಳಬೇಕಾಗಿತ್ತು.

ನಾನು ಹೂಂ ಅನ್ನಿ ಎಂದೆ. ಮುಚ್ಚಿಡುವುದೇನು, ಆ ಎರಡು ಕೋಣೆಗಳಿಗೆ ನಾನು ಮನಸ್ಸಿನಲ್ಲೇ ಪರದೆ ಹೊಲಿದಿದ್ದೆ.

ನಮ್ಮನೆಯವರು ಸಂಬಳಕ್ಕೆ ಬಾಯಿಬಿಟ್ಟವರಲ್ಲ. ಅವರ ತೊಂದರೆ ಬೇರೆ. ಒಂದು ರಾತ್ರಿ ಭಾನುವಾರದ ಬೋಧನೆ ಬರೆಯುತ್ತ ಕೂತವರು ಪೆನ್ನಿಗೆ ಟೋಪಿ ಹಾಕಿ ನನ್ನನ್ನು ಕರೆದರು.

"ಕೃಪಾ, ನಾ ಮಾತಾಡಾಕತ್ತೀನಿ, ನಾನ ಕೇಳಾಕತ್ತೀನಿ. ಯಾರಿಗೂ ಏನೂ ಆಗವಲ್ದು. ಯಾವುದಕ್ಕ ಬಂದೆ ಈ ಕೆಲಸಕ್ಕ ಅನ್ನೋದು ಮರತಂಗ ಆಗೈತಿ."

"ಹಂಗಾರ ಬಿಡ್ರಿ. ಹಾಸ್ಟೆಲ್ ಹುಡುಗ್ರಿಗೂ ಒಬ್ಬ ಒಳ್ಳೇ ಮನಷ್ಯಾ ಬೇಕು," ಎಂದೆ.

"ಈಸ್ಟರ್ ಆರಾಧನಿ ಮುಗದ ಮ್ಯಾಲ ಸಭಾಕ್ಕ ಹೇಳ್ತೀನಿ," ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ಹೋಗುವ ಮೊದಲು ಶುಭಶುಕ್ರವಾರವನ್ನಾದರೂ ಚೆನ್ನಾಗಿ ಮಾಡಿ ಹೋಗಬೇಕೆಂದು ಅವರ ಹಟ.

ಆ ದಿನದ ಆರಾಧನೆಯ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕೂಡುತ್ತೇವೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಮಾತುಗಳು ಏಳು. ಅವನ್ನು ಸಭೆಯ ಏಳು ಜನರಿಗೆ ಮೊದಲೇ ಹಂಚಿಕೊಡುತ್ತಾರೆ. ಒಬ್ಬೊಬ್ಬರೂ ತಮ್ಮ ಪಾಲಿನ ಮಾತನ್ನು ಓದಿ, ತಮಗೆ ತಿಳಿದದ್ದನ್ನು ಹೇಳಬೇಕು. ನಡುನಡುವೆ ಹಾಡು. ಮೊದಲನೆಯದು ಕ್ಷಮಿಸುವ ಮಾತು, ಅದಕ್ಕೆ ಎಲ್ಲರೂ ಮುಂದೆ ಬರುತ್ತಾರೆ. ಮೂರನೆಯದು ತಾಯಿಯನ್ನು ಶಿಷ್ಯನಿಗೆ ಒಪ್ಪಿಸುವ ಮಾತು, ಅದು ಹೆಂಗಸರಿಗೆ ಇಷ್ಟ. ನಾಲ್ಕನೆಯದು, ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಎಂದು ಕೇಳುವ ಮಾತು. ಅದು ಯಾರಿಗೂ ಬೇಡ.

ಬೇಡ ಎನ್ನುವುದಕ್ಕೆ ನಮ್ಮ ಸಭೆಯಲ್ಲಿ ಒಂದು ಕಾರಣ ಹುಟ್ಟಿಕೊಂಡಿತ್ತು. ಒಂದು ವರ್ಷ ಆ ಮಾತು ಹೇಳಿದ ವಿಶ್ವಜಿತ್‌ಗೆ ಆಷಾಢದೊಳಗೆ ಆಗಿನ ನೌಕರಿ ಹೋಯಿತು, ಬೇರೆ ಸಿಕ್ಕಿದ್ದು ಬಹಳ ದಿನದ ಮೇಲೆ. ಮುಂದಿನ ವರ್ಷ ಹೇಳಿದವರಿಗೆ ಸ್ಕೂಟರಿನಿಂದ ಬಿದ್ದು ಕಾಲು ಮುರಿಯಿತು. ಅಲ್ಲಿಂದ ಮುಂದೆ ನಾಲ್ಕನೇ ಮಾತು ತೆಗೆದುಕೊಂಡ ಮನೆಗೆ ವರ್ಷ ಒಳ್ಳೆಯದಾಗುವುದಿಲ್ಲ ಎಂದು ಹೆಂಗಸರು ಮೆಟ್ಟಿಲ ಹತ್ತಿರ ಮಾತಾಡಿಕೊಂಡರು. ನಮ್ಮನೆಯವರು ಇದು ಮೂಢನಂಬಿಕೆ ಎಂದು ಎರಡು ಭಾನುವಾರ ಬೋಧಿಸಿದರು. ಎಲ್ಲರೂ ಆಮೆನ್ ಎಂದರು. ನಾಲ್ಕನೇ ಮಾತು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ.

ಈ ಸಲ ಅದು ಬೂದೆಪ್ಪನ ಪಾಲಿಗೆ ಬಂತು. ಬೂದೆಪ್ಪ ಕೊತ್ತಪೇಟೆಯ ಗಲ್ಲಿಯಲ್ಲಿ ಒಂದು ಸಣ್ಣ ನೀರಿನ ಪ್ಲಾಂಟ್ ಇಟ್ಟುಕೊಂಡು ಮನೆಮನೆಗೆ ಕ್ಯಾನ್ ಹಾಕುವವನು. ದೀಕ್ಷಾಸ್ನಾನದಲ್ಲಿ ಯೋಹಾನ ಎಂದು ಹೆಸರಿಟ್ಟಿದ್ದರು, ಅದು ಅವನಿಗೇ ನೆನಪಿಲ್ಲ. ಪಾಸ್ಟರು ಏನು ಹೇಳಿದರೂ "ಹ್ಞೂಂ ರೀ" ಎನ್ನುವ ಸ್ವಭಾವ. ಫೋನಿನಲ್ಲಿ ಇದಕ್ಕೂ "ಹ್ಞೂಂ ರೀ" ಎಂದ. ಐದನೆಯದು, ಬಾಯಾರಿಕೆಯ ಮಾತು, ಗುರುಬಾಯಿ ಅವ್ವನಿಗೆ. ಅವಳು ಬೀದರ ಕಡೆಯವಳು, ಎಪ್ಪತ್ತು ದಾಟಿದ ಮುದುಕಿ. ಊರೆಲ್ಲ ಮನೆಗೆಲಸ ಮಾಡಿ ಮಕ್ಕಳನ್ನು ದಡ ಸೇರಿಸಿದವಳು. ನಾಲಿಗೆಗೆ ಬೀಗವಿಲ್ಲ.

ಶುಕ್ರವಾರ ಮೂರು ಮಾತು ಸುಸೂತ್ರವಾಗಿ ಮುಗಿದವು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ನಮ್ಮನೆಯವರು "ನಾಲ್ಕನೇ ಮಾತು, ಸಹೋದರ ಬೂದೆಪ್ಪನವರು" ಎಂದು ಕರೆದರು. ಬೂದೆಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದೆ ಬಂದ. ಮೈಕ್ ಹಿಡಿದು, ಗುರುತಿಗೆಂದು ಹಾಳೆ ಮಡಿಚಿಟ್ಟಿದ್ದ ಕಡೆ ಪುಸ್ತಕ ತೆರೆದು, ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಓದಿದ. ಓದಿದ್ದು ಬಾಯಾರಿಕೆಯ ಮಾತು.

"ಏ ಬೂದ್ಯಾ!" ಮುಂದಿನ ಸಾಲಿನಿಂದ ಗುರುಬಾಯಿ ಅವ್ವನ ದನಿ ಮೈಕಿಗಿಂತ ಜೋರಾಗಿ ಬಂತು. "ಅದು ನಂದು ಅದ!"

ಬೂದೆಪ್ಪ ಬೆವರಿದ. "ಗೊತ್ತೈತಿ ಬೇ ಅವ್ವ. ಆದ್ರ ನಂಗ ನಾಕನೇದ್ದು ಬ್ಯಾಡ. ಸುಗಲಮ್ಮ ಆಣಿ ಹಾಕ್ಯಾಳ. ನಾಕನೇದ್ದು ಹೇಳಿದ್ರ ಮನಿಗೆ ಬರಬ್ಯಾಡ ಅಂದಾಳ."

ಅವನ ಹೆಂಡತಿ ಸುಗಲಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಹಿಂದೆ ಯಾರೋ ಕಿಸಕ್ಕೆಂದರು.

"ಮತ್ತ ಮೊದಲ ಹೇಳಬಾರದೇನೋ?" ಎಂದರು ನಮ್ಮನೆಯವರು ಮೆಲ್ಲಗೆ.

"ನಿಮಗ ಇಲ್ಲ ಅನ್ನಾಕ ಬಾಯಿ ಬರಲಿಲ್ರಿ. ಮತ್ತ... ಇದರ ಬಗ್ಗೆ ಹೇಳೋದು ಒಂದು ಐತ್ರಿ. ಹೇಳಿಬಿಡ್ಲಿ?"

ಅವರು ಹೇಳು ಎಂದು ಕೈ ಮಾಡಿದರು. ಬೂದೆಪ್ಪ ಪುಸ್ತಕ ಮುಚ್ಚಿದ.

"ಹೋದ ಮಳಿಗಾಲದಾಗ ಸುಗಲಮ್ಮಗ ಹೊಟ್ಟಿ ಆಪರೇಷನ್ ಆತ್ರಿ, ದೊಡ್ಡ ದವಾಖಾನ್ಯಾಗ. ಮರದಿನ ಮಟ ನೀರು ಕೊಡಬ್ಯಾಡ್ರಿ ಅಂದ್ರು. ನಾ ಗಲ್ಲಿಗೆಲ್ಲ ನೀರು ಹಾಕಾಂವ, ನನ್ನ ಹೆಂಡ್ತಿಗೆ ಒಂದು ಗುಟುಕು ಹಾಕಾಕ ಆಗಲಿಲ್ಲ. ಆಕಿ ಒದರತಿದ್ಲು. ಆಯಾ ತೆಲುಗಿನಾಗ ಬೈತಿದ್ಲು. ನನಗ ನೋಡಾಕ ಆಗಲಾರದ ಹೊರಗ ಹೋಗಿ ಮೆಟ್ಲ ಮ್ಯಾಲ ಕುಂತೆ. ಆಗ ನಮ್ಮ ಪಾಸ್ಟರ್ ಬಂದ್ರು. ಸಿಸ್ಟರನ್ನ ಕೇಳಿ ಹತ್ತಿ ಇಸ್ಕೊಂಡು, ತೊಯ್ಸಿ, ಆಕಿ ತುಟಿಗೆ ಹಚ್ಚಿದ್ರು. ಹಚ್ಚೋದು, ಮಾತಾಡ್ಸೋದು. ನಿಮ್ಮೂರ ಬಾವಿ ನೀರು ಸವಳೋ ಸಿಹಿನೋ, ರೊಟ್ಟಿ ಹಿಟ್ಟಿಗೆ ಬಿಸಿನೀರು ಹಾಕ್ತೀರೋ ತಣ್ಣೀರೋ. ಬೆಳಿಗ್ಗಿಂದ ಸಂಜಿ ಮಟ ಇದ. ಪ್ರಾರ್ಥನಿ ಸೈತ ಮಾಡ್ಲಿಲ್ಲ."

ಒಂದಿಬ್ಬರು ನಮ್ಮನೆಯವರ ಕಡೆ ನೋಡಿದರು. ಬೂದೆಪ್ಪ ಗಾಬರಿಯಾದ.

"ಮಾಡಿದ್ರೋ ಏನೋ ರೀ. ಬಾಯಿಲೆ ಮಾಡ್ಲಿಲ್ಲ ಅಂದೆ. ಯೇಸುಸ್ವಾಮಿಗೆ ನೀರಡಿಕಿ ಆದಾಗ ಯಾರೋ ಒಬ್ಬಾಂವ ಸ್ಪಂಜು ತೊಯ್ಸಿ ಬಾಯಿಗೆ ಹಿಡದ ಅಂತಾರಲ್ಲ, ಅದನ್ನ ಕೇಳಿದಾಗೆಲ್ಲ ನನಗ ಪಾಸ್ಟರ್ ಕೈ ಕಾಣತೈತಿ. ಇಷ್ಟ ರೀ ನಂದು."

ಅವನು ಮೈಕನ್ನು ಮೇಜಿನ ಮೇಲಿಟ್ಟು ಹೋಗಿ ಕೂತ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ನಗರದ ಪಾಸ್ಟರುಗಳೆಲ್ಲ ಸೇರುವ ದೊಡ್ಡ ಕೂಟವಿತ್ತು. ಅಲ್ಲಿ ಇವರಿಗೂ ಮಾತನಾಡಲು ಕೊಟ್ಟಿದ್ದರು. ಹೊಸ ಅಂಗಿ ಹಾಕಿಕೊಂಡು ಹೊರಟವರು, ದಾರಿಯಲ್ಲೇ ಇದೆಯಲ್ಲ ಎಂದು ದವಾಖಾನೆಗೆ ಹಣಕಿದ್ದರು. ಸಂಜೆ ಸೋತು ಮನೆಗೆ ಬಂದು, "ಇವತ್ತಿನ ದಿನ ದಂಡ ಹೋತು, ಒಂದ ಕೆಲಸಾನೂ ಆಗಲಿಲ್ಲ" ಎಂದು ಚಪ್ಪಲಿ ಬಿಟ್ಟರು. ಒಳ್ಳೆಯ ಅವಕಾಶ ಕಳೆದುಕೊಂಡಿರಿ ಎಂದು ನಾನೂ ಗೊಣಗಿದ್ದೆ.

ಈಗ ನಮ್ಮನೆಯವರು ಮೇಜಿನ ಹತ್ತಿರ ನಿಂತಿದ್ದರು. ನಾಲ್ಕನೇ ಮಾತು ಹಾಗೇ ಉಳಿದಿತ್ತು. ಯಾರಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಗಂಡಸರು ಹಾಡಿನ ಪುಸ್ತಕ ತಿರುವಿದರು. ಏಳರಲ್ಲಿ ಒಂದನ್ನು ಬಿಟ್ಟು ಮುಂದೆ ಹೋಗುವ ಪದ್ಧತಿ ಎಲ್ಲೂ ಇಲ್ಲ. ಕಾವ್ಯಾ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ನೀವೇ ಹೇಳ್ರಿ ಪಾಸ್ಟರಪ್ಪ," ಎಂದಳು ಗುರುಬಾಯಿ ಅವ್ವ. "ಕೆಟ್ಟ ವರ್ಷ ಬಂದ್ರ ಎಲ್ಲಾರೂ ಹಂಚ್ಕೊಂತೀವಿ."

ಅವರು ಆ ಮಾತನ್ನು ಓದಿದರು. ಈ ಮಾತಿಗೆಂದು ಅವರು ಏನೂ ಬರೆದುಕೊಂಡು ಬಂದಿರಲಿಲ್ಲ.

"ಈ ಮಾತಿಗೆ ನೀವು ಹೆದರ್ತೀರಿ ಅಂತ ನಾ ಬೈದೆ," ಎಂದರು. "ಖರೇ ಅಂದ್ರ ನಾನೂ ತಗೊಳ್ಳಲಿಲ್ಲ. ಇಲ್ಲ ಅನ್ನಾಕ ಬರಲಾರದ ಬೂದೆಪ್ಪನ ತಲಿಮ್ಯಾಲ ಹಾಕಿದೆ. ಯಾಕಂದ್ರ ಒಂದು ವರ್ಷದಿಂದ ನಾನು ಇದನ್ನ ಕೇಳಾಕತ್ತೀನಿ. ಖಾಲಿ ಕುರ್ಚಿ ನೋಡ್ಕೊಂತ, ಸ್ವಾಮಿ, ಕೈಬಿಟ್ಟೇನು ಅಂತ. ನನಗ ಮಣಿಕೊಂಡದಾಗ ಒಂದು ನೌಕರಿ ಬಂದೈತಿ. ನಾಳಿ ಹೂಂ ಅನ್ನಬೇಕು. ಈಸ್ಟರ್ ದಿನ ಕೇಕ್ ತಿಂದ ಮ್ಯಾಲ ನಿಮಗ ಹೇಳೋಣ ಅಂತ ಇದ್ದೆ."

ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರನ್ ಬಿಡದೆ ಕೇಳುತ್ತಿತ್ತು.

"ಈ ಪ್ರಶ್ನೆಗೆ ಅವತ್ತು ಶಿಲುಬೆ ಮ್ಯಾಲ ಉತ್ತರ ಬರಲಿಲ್ಲ. ಆದ್ರೂ ಸ್ವಾಮಿ ನನ್ನ ದೇವರೇ ಅಂತನ ಕೇಳಿದ. ಗುರುತಿಲ್ಲದ ಯಾರೋ ದೇವರಿಗೆ ಅನ್ನಲಿಲ್ಲ. ನಾನು ಅಷ್ಟ ತಿಳಕೊಂಡೀನಿ. ಹೆಚ್ಚಿಂದು ನನಗ ಗೊತ್ತಿಲ್ಲ."

"ಹೋಗ್ತೀರೇನ್ರಿ ಹಂಗಾದ್ರ?" ಎಂದಳು ಗುರುಬಾಯಿ ಅವ್ವ.

"ಗೊತ್ತಿಲ್ಲ ಅವ್ವ."

"ಗೊತ್ತಿಲ್ಲಂದ್ರ ಬಾಜೂಕ ಸರೀರಿ. ಮೂರು ಬಡಿಲಾಕ್ ಬಂತು, ನಂದಿನ್ನೂ ಉಳದದ." ಅವಳು ಎದ್ದು, ಮೊಣಕಾಲು ಹಿಡಿದುಕೊಂಡು ಬಂದು, ಮೈಕ್ ಬೇಡವೆಂದು ಪಕ್ಕಕ್ಕೆ ಸರಿಸಿದಳು. ಇಷ್ಟು ವರ್ಷ ಮೈಕಿಗಾಗಿ ಜಗಳವಾಡಿದವಳು.

"ನನ್ನ ನೀರೆಲ್ಲ ಈ ಬೂದ್ಯಾ ಕುಡದು ಕುಂತಾನ," ಎಂದಾಗ ಎಲ್ಲರೂ ನಕ್ಕರು. "ಅದಕ್ಕ ನಾನೂ ನಾಕನೇದ್ದೇ ಹೇಳ್ತೀನಿ. ಎಪ್ಪತ್ತು ದಾಟ್ಯಾವ, ಕೆಟ್ಟ ವರ್ಷ ನನಗೇನ್ ಮಾಡ್ತದ? ನಾ ಇಲ್ಲಿ ತೆಲುಗಿನಾಗ ಭಾಂಡೆ ತಿಕ್ಕೀನಿ, ಹಿಂದಿನಾಗ ಜಗಳಾಡೀನಿ. ಮಗ ಸತ್ತಾಗ ಮಾತ್ರ ಕನ್ನಡದಾಗ ಅತ್ತೀನಿ. ದೇವರು ಕೈಬಿಟ್ಟ ಅಂತ ಒದರೀನಿ. ಮನಿ ಮಾಲಕಿಗೆ ಅದು ತಿಳೀಲಿಲ್ಲ. ತಿಳದಾಂವ ಈ ಪಾಸ್ಟರಪ್ಪ ಒಬ್ಬನೇ. ಬಂದು ಬಾಜೂ ಕುಂತ. ಪಾಸ್ಟರಪ್ಪ, ನೌಕರಿಗೆ ಹೋಗ್ತೀ ಅಂದ್ರ ಹೋಗು. ನಾ ಬ್ಯಾಡ ಅನ್ನಲ್ಲ, ನಿನಗ ಹೆಂಡ್ತಿ ಮಗಳು ಅದಾರ. ಆದ್ರ ನನ್ನ ಮಣ್ಣು ಕನ್ನಡದಾಗ ಯಾರ ಮಾಡ್ತಾರ, ಅವರನ್ನ ತೋರಿಸಿ ಹೋಗು."

ಇಷ್ಟು ಹೇಳಿ ಹೋಗಿ ಕೂತಳು. ನಮ್ಮನೆಯವರು ಕಣ್ಣೊರೆಸಿಕೊಂಡು ಆರನೇ ಮಾತಿನವರನ್ನು ಕರೆದರು. ಅವರ ದನಿ ಬದಲಾಗಿತ್ತು. ಮದುವೆಯಾದ ಹೊಸದರಲ್ಲಿ, ಹಳ್ಳಿಹಳ್ಳಿ ಸೈಕಲ್ ಮೇಲೆ ತಿರುಗುತ್ತಿದ್ದಾಗ ಇದ್ದ ದನಿ ಅದು. ನನಗೆ ಮನಸ್ಸಿನೊಳಗಿನ ಪರದೆಗಳ ಮೇಲೆ ಸಿಟ್ಟು ಬಂತು, ಇವರ ಮೇಲೂ ಬಂತು. ಎಲ್ಲ ಗೊತ್ತುಮಾಡಿಕೊಂಡ ಮೇಲೆ ಈ ದನಿ ಯಾಕೆ ವಾಪಸು ಬರಬೇಕಾಗಿತ್ತು?

ಗಂಜಿ ಹಂಚುವಾಗ ಸುಗಲಮ್ಮ ನನ್ನ ಪಕ್ಕ ಬಂದು ನಿಂತಳು. "ಪಾಸ್ಟರಮ್ಮ, ಸಿಟ್ಟಾಗಬ್ಯಾಡ್ರಿ ಆಣಿ ಹಾಕಿದ್ದಕ್ಕ. ಒಂದು ಮಾತು. ಅದ ದವಾಖಾನಿಗೆ ನಮ್ಮೂರಿನಾಕಿ ಒಬ್ಬಾಕಿ ಬಂದಾಳ, ಮಾನ್ವಿ ಕಡಿಯಾಕಿ. ಗರ್ಭಚೀಲ ತೆಗೀಬೇಕಂತ. ಡಾಕ್ಟರ್ ಏನಂತಾರ ತಿಳೀವಲ್ದು ಅಂತ ಅಳಾಕತ್ತಾಳ. ನಾಳಿ ಪಾಸ್ಟರ್ ಒಂಚೂರು ಹೋಗಿ ಬರ್ತಾರೇನು?"

ನಾಳೆ ಶನಿವಾರ. ನಾನು ಇವರಿಗೆ ಹೇಳದೆ ಇರಬಹುದಾಗಿತ್ತು. ಹೇಳಿದೆ.

ಬೆಳಿಗ್ಗೆ ಇಬ್ಬರೂ ಹೋದೆವು. ಮಾನ್ವಿಯ ಹೆಂಗಸು ನಾಲ್ಕನೆಯ ಮಹಡಿಯ ವಾರ್ಡಿನಲ್ಲಿದ್ದಳು. ಡಾಕ್ಟರಮ್ಮ ಹೇಳಿದ್ದನ್ನು ಇವರು ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಹೇಳಿದರು. ಭಯಪಡುವಂಥದ್ದೇನೂ ಇರಲಿಲ್ಲ. ಯಾರೂ ಅವಳಿಗೆ ಅರ್ಥವಾಗುವಂತೆ ಹೇಳಿರಲಿಲ್ಲ, ಅಷ್ಟೇ. ಕನ್ನಡ ಕೇಳಿಸಿದ್ದೇ ತಡ ಪಕ್ಕದ ಮಂಚದ ಮುದುಕಿಯ ಮಗ ಎದ್ದು ಬಂದ.

"ನಮ್ಮ ಕಡಿಯವರೇನ್ರಿ? ನಾವು ಯಾದಗಿರಿಯವರು. ನಮ್ಮವ್ವಗ ಊಟಕ್ಕ ಏನು ಕೊಡಬೇಕು ಕೇಳಿ ಹೇಳ್ರಲ್ಲ."

ಅದಾದ ಮೇಲೆ ಕಿಟಕಿಯ ಹತ್ತಿರದ ಮಂಚದಿಂದ ಕರೆದರು, ಆಮೇಲೆ ವರಾಂಡದಿಂದ. ಕೆಲವರು ನೀವು ಯಾರು ಎಂದು ಕೇಳಿದರು. ಪಾಸ್ಟರ್ ಎಂದರು ಇವರು. ಹಾಗಂದರೇನೆಂದು ತಿಳಿಯದವರೂ ಇದ್ದರು. ಅವರೂ ಕೂಡ್ರಲು ಜಾಗ ಮಾಡಿಕೊಟ್ಟರು. ಪ್ರಾರ್ಥನೆ ಮಾಡಿ ಎಂದವರಿಗೆ ಮಾಡಿದರು, ಔಷಧಿ ಅಂಗಡಿ ಎಲ್ಲಿ ಎಂದವರಿಗೆ ತೋರಿಸಿದರು. ನಾನು ಸ್ಟೂಲಿನ ಮೇಲೆ ಕೂತು ಅವರ ಚೀಲ, ಫೋನು ಕಾಯುತ್ತಿದ್ದೆ.

ಮಧ್ಯಾಹ್ನ ಫೋನು ಬಡಿಯಿತು. ವಿಶ್ವಜಿತ್. ನಾನೇ ಎತ್ತಿ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೆಂಡತಿ ಕೊಟ್ಟ ಮಾತನ್ನು ಇವರು ತಿರುಗಿಸುವವರಲ್ಲ. ಇವರು ಆಗ ಯಾದಗಿರಿಯ ಮುದುಕಿಗೆ ಗುಳಿಗೆ ನುಂಗಲು ಹೇಳಿಕೊಡುತ್ತಿದ್ದರು. ಮುದುಕಿ ಏನೋ ಕುಶಾಲು ಹೇಳಿದಳು, ಇವರು ಬಾಯಿ ತುಂಬ ನಕ್ಕರು. ಆ ನಗುವನ್ನು ನಾನು ಮನೆಯಲ್ಲಿ ನೋಡಿ ಬಹಳ ದಿನವಾಗಿತ್ತು. ಎದ್ದು ಹೋಗಿ ಫೋನು ಅವರ ಕೈಗೆ ಕೊಟ್ಟೆ.

"ಏನನ್ನಲಿ?" ಎಂದರು.

"ನನ್ನನ್ನ ಕೇಳಬ್ಯಾಡ್ರಿ. ನನಗ ಮಣಿಕೊಂಡ ಬೇಕು. ನಿಮಗೇನು ಬೇಕು ಅದನ್ನ ಹೇಳ್ರಿ."

ಅವರು ವರಾಂಡಕ್ಕೆ ಹೋಗಿ ಮಾತಾಡಿ ಬಂದರು. "ಬ್ಯಾರೆ ಯಾರನ್ನಾರ ನೋಡ್ಕೋರಿ ಅಂದೆ. ಬೇಜಾರು ಮಾಡಿಕೊಳ್ಳಲಿಲ್ಲ ಪಾಪ."

"ಮತ್ತ ಮನಿ ಹೆಂಗ ನಡೀಬೇಕು?"

ಮನೆಯ ಲೆಕ್ಕಕ್ಕೆ ಅವರು ಎಂದೂ ಕೈಹಾಕಿದವರಲ್ಲ. ಅದು ನನ್ನ ಇಲಾಖೆ. ಸ್ಟೂಲಿನ ಮೇಲೆ ಕೂತಾಗಲೇ ಒಂದು ಯೋಚನೆ ಮಾಡಿಟ್ಟಿದ್ದೆ.

"ಹಾಲ್ ಬಿಡೋಣ," ಎಂದೆ. "ಕುರ್ಚಿ ತುಂಬ್ತಾವೋ ಇಲ್ಲೋ ಅಂತ ನೋಡ್ಕೊಂತ ಕುಂತಿದ್ದಕ್ಕ ನಿಮಗ ಈ ಗತಿ ಬಂದೈತಿ. ಬೂದೆಪ್ಪನ ಪ್ಲಾಂಟಿನ ಶೆಡ್ ಭಾನುವಾರ ಬೆಳಿಗ್ಗೆ ಖಾಲಿ ಇರತೈತಿ, ತಂಪೂ ಐತಿ. ಚಾಪಿ ಹಾಸಿದ್ರ ಸಾಕು. ವಾರದ ದಿನ ನೀವು ಇಲ್ಲಿ ಬರ್ರಿ. ನಾ ಬ್ಲೌಸ್ ಹೊಲಿಯೋದು ಹೆಚ್ಚು ಮಾಡ್ತೀನಿ."

"ಶೆಡ್ಡಿನಾಗ ಸಭಾನಾ? ಮಂದಿ ಏನಂತಾರ?"

"ಏನಾರ ಅನ್ನಲಿ. ಗುರುಬಾಯಿ ಅವ್ವ ಮೈಕ್ ಇಲ್ಲದನ ಮಾತಾಡ್ಲಿಲ್ಲೇನು?"

ಈಸ್ಟರಿನ ದಿನ ಕೇಕ್ ತಿಂದ ಮೇಲೆ ಅವರು ಸಭೆಗೆ ಹೇಳಿದ್ದು ಇದನ್ನೇ. ಬೂದೆಪ್ಪ "ಹ್ಞೂಂ ರೀ" ಎಂದ. ಈ ಸಲ ಮನಸ್ಸಿನಿಂದಲೇ ಎಂದ, ಸುಗಲಮ್ಮನೂ ತಲೆಯಾಡಿಸಿದಳು.

ಇದೆಲ್ಲ ಆಗಿ ವರ್ಷದ ಮೇಲಾಯಿತು. ಮಣಿಕೊಂಡದ ಮನೆ ಹೋಯಿತು, ಸಂಬಳವೂ ಹೋಯಿತು. ಶೆಡ್ಡಿನಲ್ಲಿ ಕೂತು ಆರಾಧನೆ ಮಾಡುವುದು ಸರಿಬರಲಿಲ್ಲವೆಂದು ಮೂರು ಕುಟುಂಬಗಳು ತೆಲುಗು ಸಭೆಗೆ ಹೋದವು. ಅವರನ್ನು ಕಳೆದುಕೊಂಡದ್ದು ನನಗೆ ಈಗಲೂ ನೋವು. ಹೊಲಿಗೆಯಿಂದ ನನ್ನ ಕಣ್ಣಿಗೆ ಕನ್ನಡಕ ಬಂತು. ಭಾನುವಾರ ಸೇರುವವರು ಹೆಚ್ಚಾಗಿಲ್ಲ. ಆಸ್ಪತ್ರೆಯ ಆ ಮಹಡಿಯಲ್ಲಿ ಮಾತ್ರ, ರಾಯಚೂರು ಕಡೆಯ ರೋಗಿ ಬಂದರೆ ಸಿಸ್ಟರುಗಳೇ ಇವರಿಗೆ ಫೋನು ಮಾಡುತ್ತಾರೆ. ನಮ್ಮನೆಯವರು ಬೆಳಿಗ್ಗೆ ಎದ್ದಾಗ ಎಲ್ಲಿಗೆ ಹೋಗಬೇಕು, ಯಾಕೆ ಹೋಗಬೇಕು ಎನ್ನುವುದು ಅವರಿಗೆ ಗೊತ್ತಿರುತ್ತದೆ.